ಪದಚರ್ಚೆ: ಮೋಟರ್‌ಹೋಮ್‌ನ ಟಿವಿ ಏರಿಯಲ್‌ಗೆ ಏನಂತ ಬರೆಯಲಿ? (ಅರ್ಜೆಂಟ್)

ಕಾರವಾರದಿಂದ:

ಎಲ್ಲರಿಗೂ ನಮಸ್ಕಾರ. ಮಾಜಾಳಿ ಹತ್ತಿರ ಪರಿಚಯದವರೊಬ್ಬರು ಮೋಟರ್‌ಹೋಮ್‌ಗಳು (ಒಳಗೇ ಉಂಡು ಮಲಗುವಂಥ ಗಾಡಿಗಳು) ರಾತ್ರಿ ತಂಗೋಕೆ ಜಾಗ ಮಾಡಿದ್ದಾರೆ. ಗೋವಾ ಕಡೆಯಿಂದ ಹೆದ್ದಾರಿ 66ರಲ್ಲಿ ಬರುವ ಗಾಡಿಗಳೇ ಜಾಸ್ತಿ. ಅವರಿಗೆ ನನ್ನಿಂದ ಎರಡು ಕೆಲಸ ಆಗಬೇಕು.

ಒಂದು, ಗೇಟಿನ ಬೋರ್ಡು. ಟಿವಿ ಏರಿಯಲ್ಲನ್ನು, ಅಂದರೆ ಆಂಟೆನಾವನ್ನು, ಎತ್ತಿಕೊಂಡೇ ಗಾಡಿ ಹೊರಡಿಸಬೇಡಿ ಅನ್ನೋ ಅರ್ಥ ಬರಬೇಕು. ಗೇಟಿನ ಪಕ್ಕ ಮಾವಿನ ಕೊಂಬೆ ಬಾಗಿದೆ, ಅದಕ್ಕೆ ಬಡಿದು ಒಬ್ಬರ ಕಂಬ ಆಗಲೇ ಮುರಿದಿದೆ. ಇನ್ನೊಂದು, ಇಂಗ್ಲೆಂಡಿನ ಒಂದು ಕೈಪಿಡಿಯ ಅನುವಾದ. ಮೋಟರ್‌ಹೋಮ್‌ಗೆ ಯಾವ ಏರಿಯಲ್ ಕೊಳ್ಳಬೇಕು ಅಂತ. ಅದರಲ್ಲಿ ಓಮ್ನಿಡೈರೆಕ್ಷನಲ್, ಡೈರೆಕ್ಷನಲ್, ಪೋಲರೈಸೇಶನ್, ಗೇನ್, ಬೂಸ್ಟರ್ ಎಲ್ಲ ಬರುತ್ತವೆ. ಏರಿಯಲ್‌ಗೇ ನಾನು ನಿಂತುಬಿಟ್ಟಿದ್ದೇನೆ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಬರುತ್ತಾರೆ. ದಯವಿಟ್ಟು ಬೇಗ ಹೇಳಿ.

ಧಾರವಾಡದಿಂದ:

ಏರಿಯಲ್: ಆಕಾಶತಂತು. ಓಮ್ನಿ: ಸರ್ವದಿಶಾ. ಡೈರೆಕ್ಷನಲ್: ಏಕದಿಶಾ. ಪೋಲರೈಸೇಶನ್: ಧ್ರುವೀಕರಣ. ಗೇನ್: ಲಾಭಾಂಕ. ಇದರಲ್ಲಿ ಚರ್ಚೆ ಮಾಡುವಂಥದ್ದು ಏನೂ ಇಲ್ಲ.

ಹೊನ್ನಾವರದಿಂದ:

ತುಂಬಾ ಇದೆ. ಆಂಟೆನಾ ಅನ್ನೋದು ಸಮುದ್ರದ ಪದ ಸ್ವಾಮಿ. ಲ್ಯಾಟಿನ್‌ನಲ್ಲಿ ಅದು ಹಾಯಿ ಕಟ್ಟುವ ಮರ. 15ನೇ ಶತಮಾನದಲ್ಲಿ ಥಿಯೊಡೋರಸ್ ಗಾಜಾ ಅನ್ನೋ ವಿದ್ವಾಂಸ ಅರಿಸ್ಟಾಟಲನ ಪ್ರಾಣಿಶಾಸ್ತ್ರವನ್ನು ಲ್ಯಾಟಿನ್ನಿಗೆ ತರುವಾಗ ಹುಳಗಳ ಮೀಸೆಗೆ ಈ ಪದ ಹಾಕಿದ. ರೇಡಿಯೋದವರು ಎಷ್ಟೋ ಶತಮಾನ ಆದಮೇಲೆ ಅದನ್ನೇ ಎತ್ತಿಕೊಂಡರು. ಹಾಯಿಮರಕ್ಕೆ ನಮ್ಮಲ್ಲಿ 'ಕೂವೆ' ಅಂತ ಹಳೆಯ, ಚಂದದ ಪದ ಇದೆ. ಕೂವೆ, ಕೂವೆಕಂಬ. 'ಟಿವಿಗೂವೆ' ಅನ್ನಿ. ಕರಾವಳಿಯ ಬೋರ್ಡಿಗೆ ಇದಕ್ಕಿಂತ ಒಳ್ಳೆಯ ಪದ ಸಿಗಲ್ಲ.

ಕುಮಟಾದಿಂದ:

ನಮ್ಮ ಮನೆಯಲ್ಲಿ ಕೂವೆ ಅಂದರೆ ಹೊಟ್ಟೆ ಸರಿ ಇಲ್ಲದಾಗ ಗಂಜಿ ಕಾಸುವ ಹಿಟ್ಟು. ಟಿವಿಗೂವೆ ಇಳಿಸಿ ಅಂದರೆ ಜನ ಒಲೆ ನೋಡ್ತಾರೆ.

ಇನ್ನೊಂದು, ಕೂವೆ ನೆಟ್ಟಗೆ ನಿಂತ ಮರ. ಲ್ಯಾಟಿನ್ನಿನ ಆಂಟೆನಾ ಅದಕ್ಕೆ ಅಡ್ಡ ಕಟ್ಟುವ ಮರ. ದೋಣಿ ನೋಡಿದವರು ಇವೆರಡನ್ನೂ ಒಂದೇ ಅನ್ನಲ್ಲ.

ಬೆಂಗಳೂರಿನಿಂದ:

ಸಂಸ್ಕೃತವೂ ಬೇಡ, ಇಂಗ್ಲಿಷ್ ಎಂಜಲೂ ಬೇಡ. ಅಲೆ ಹಿಡಿಯುವುದು 'ಅಲೆಹಿಡುಕ'. ಜಿರಳೆಯ ಆಂಟೆನಾಗೆ ಕುಡಿಮೀಸೆ ಅಂತ ಪಾಠ ಮಾಡ್ತೀವಿ, ಅದು ನಿಂತಿದೆ. ಇದೂ ನಿಲ್ಲುತ್ತದೆ. ಕನ್ನಡಿಗರಿಗೆ ಪದ ಕಟ್ಟೋ ಧೈರ್ಯವೇ ಹೋಗಿದೆ. ರೇಡಿಯೋಗೆ 'ಆಕಾಶವಾಣಿ' ಅಂತ ಹೆಸರು ಕೊಟ್ಟ ನಾಡು ಇದು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ನಿಲಯ ಶುರು ಮಾಡಿದಾಗ ಯಾರೂ 'ರೇಡಿಯೋ ಅಂತಲೇ ಇರಲಿ ಬಿಡಿ' ಅನ್ನಲಿಲ್ಲ.

ಶಿರಸಿಯಿಂದ:

ಆಕಾಶವಾಣಿ ಸಂಸ್ಕೃತ. ನಿಮ್ಮ ಲೆಕ್ಕದಲ್ಲಿ ಅದು ನಪಾಸು. ಅದು ನಿಲಯದ ಹೆಸರಾಗಿ ಉಳಿಯಿತು, ಪೆಟ್ಟಿಗೆಯನ್ನು ಜನ ಅವತ್ತಿನಿಂದ ಇವತ್ತಿನವರೆಗೂ ರೇಡಿಯೋ ಅಂತಲೇ ಕರೆದರು. ಎಂಜಲಿನ ಮಾತಿಗೆ ಬಂದರೆ, ಇಲ್ಲಿ ಪಗಾರ ಎಣಿಸುವವರು, ಚಾವಿ ಹುಡುಕುವವರು, ಬಟಾಟೆ ಪಲ್ಯ ಉಣ್ಣುವವರು ಮೂರು ಹೊತ್ತೂ ಪೋರ್ಚುಗೀಸ್ ಆಡುತ್ತಿದ್ದಾರೆ. ಯಾರಿಗೂ ಬಾಯಿ ಮೈಲಿಗೆ ಆಗಿಲ್ಲ.

ಕೇಳಿದವರಿಗೆ ನಾಳೆ ಬೆಳಿಗ್ಗೆ ಬೇಕು. ಅದನ್ನು ನೋಡೋಣ. ಗಾಡಿಗಳಿಗೆ ಈ ಆಂಟೆನಾಗಳನ್ನು ನಾನೂ ಕೂಡಿಸಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಸರು 'ಆಂಟೆನಾ' ಅಂತಲೇ ಇರಲಿ. 'ಏರಿಯಲ್' ಬೇಡ. ಇಂಗ್ಲೆಂಡಿನವರು ಹಾಗೆ ಬರೆದಿದ್ದಾರೆ, ಆದರೆ ನಮ್ಮಲ್ಲಿ ಅದು ಬಟ್ಟೆ ಒಗೆಯುವ ಪುಡಿ. ದೂರದರ್ಶನದ ಕಾಲದಲ್ಲಿ ಮಾಡು ಹತ್ತಿ ತಿರುಗಿಸುತ್ತಾ 'ಬಂತಾ? ಈಗ ಬಂತಾ?' ಅಂತ ಕೂಗಿದವರೆಲ್ಲ ಆಂಟೆನಾ ಅಂತಲೇ ಕೂಗಿದ್ದು. ಕನ್ನಡ ಬೇಕಾಗಿರುವುದು ಹೆಸರಿಗಲ್ಲ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಹೇಳೋಕೆ. ಅಲ್ಲಿ ಸರ್ವದಿಶಾ, ಲಾಭಾಂಕ ಹಾಕಿದರೆ ಕೊಳ್ಳುವವನಿಗೆ ಏನೂ ತಿಳಿಯಲ್ಲ.

ಓಮ್ನಿ ಅಂದರೆ ಮಾಡಿನ ಮೇಲೆ ಕೂರುವ ತಟ್ಟೆಯಂಥದ್ದು. ತಿರುಗಿಸುವ ಕೆಲಸ ಇಲ್ಲ, ಎಲ್ಲ ಕಡೆಯಿಂದಲೂ ಸಿಗ್ನಲ್ ತಗೊಳ್ಳುತ್ತದೆ. ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ದೂರ ಇದ್ದರೆ ಸೋಲುತ್ತದೆ. ಡೈರೆಕ್ಷನಲ್ ಅಂದರೆ ಸಾಮಾನ್ಯವಾಗಿ ಕಡ್ಡಿಗಳ ಸಾಲು. 1926ರಲ್ಲಿ ಜಪಾನಿನ ಉದಾ ಮತ್ತು ಯಾಗಿ ಅನ್ನೋ ಇಬ್ಬರು ಜಗತ್ತಿಗೆ ತಿಳಿಸಿದ್ದು, ಅದಕ್ಕೇ ಅಂಗಡಿಯವರು ಯಾಗಿ ಅಂತಾರೆ. ಟ್ರಾನ್ಸ್‌ಮಿಟರ್ ಕಡೆ ಸರಿಯಾಗಿ ತಿರುಗಿಸಿದರೆ ದೂರದ್ದನ್ನೂ ಹಿಡಿಯುತ್ತದೆ, ಆದರೆ ಊರು ಬದಲಾದಾಗಲೆಲ್ಲ ತಿರುಗಿಸಬೇಕು. ಹಾಗಾಗಿ 'ಸುತ್ತ ಹಿಡಿಯುವ ಆಂಟೆನಾ', 'ತಿರುಗಿಸಿ ನಿಲ್ಲಿಸುವ ಆಂಟೆನಾ' ಅನ್ನಿ. ಉದ್ದ ಆಯಿತು ಅಂತೀರಾ? ಆಗಲಿ. ಕೊಳ್ಳುವವನಿಗೆ ಬೇಕಾದ ಸಂಗತಿ ಹೆಸರಿನಲ್ಲೇ ಸಿಕ್ಕಿತಲ್ಲ.

ಪೋಲರೈಸೇಶನ್‌ಗೆ ಧ್ರುವೀಕರಣ ಅಂತ ಬರೆದರೆ ಓದುವವರಿಗೆ ಚುನಾವಣೆ ನೆನಪಾಗುತ್ತದೆ. ಅಲ್ಲಿ ವಿಷಯ ಇಷ್ಟೇ: ಕಳಿಸುವ ಕಡೆ ಅಲೆ ಅಡ್ಡ ಇದ್ದರೆ ಇಲ್ಲೂ ಕಡ್ಡಿ ಅಡ್ಡ ಇರಬೇಕು, ಅಲ್ಲಿ ನೆಟ್ಟಗಿದ್ದರೆ ಇಲ್ಲೂ ನೆಟ್ಟಗೆ. ಇಂಗ್ಲೆಂಡಿನಲ್ಲಿ ದೊಡ್ಡ ಟ್ರಾನ್ಸ್‌ಮಿಟರ್‌ಗಳು ಹೆಚ್ಚಾಗಿ ಅಡ್ಡ, ಅವುಗಳ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಸಣ್ಣ ರಿಲೇಗಳಲ್ಲಿ ಎಷ್ಟೋ ನೆಟ್ಟಗೆ. ಅದಕ್ಕೇ ಆ ಕೈಪಿಡಿಯಲ್ಲಿ ಅದರ ಮಾತು ಬಂದಿರೋದು. 'ಕಡ್ಡಿ ಅಡ್ಡ, ಕಡ್ಡಿ ನೆಟ್ಟಗೆ' ಅಂತ ಬರೆದು ಒಂದು ಚಿತ್ರ ಹಾಕಿ.

ಗೇನ್‌ಗೆ 'ಹಿಡಿತ' ಸಾಕು. ಲಾಭ ಅಂದರೆ ಎಲ್ಲಿಂದಲೋ ಹೊಸದಾಗಿ ಶಕ್ತಿ ಬಂದ ಹಾಗೆ ಕೇಳಿಸುತ್ತದೆ. ಆಂಟೆನಾ ಏನನ್ನೂ ಹುಟ್ಟಿಸಲ್ಲ. ಉಳಿದ ದಿಕ್ಕನ್ನು ಬಿಟ್ಟು ಒಂದೇ ಕಡೆಯಿಂದ ಜಾಸ್ತಿ ತಗೊಳ್ಳುತ್ತದೆ, ಅಷ್ಟೇ. ಅದರ ಅಳತೆ ಡೆಸಿಬೆಲ್‌ನಲ್ಲಿ: ಮೂರು ಡೆಸಿಬೆಲ್ ಅಂದರೆ ಎರಡು ಪಟ್ಟು, ಹತ್ತು ಅಂದರೆ ಹತ್ತು ಪಟ್ಟು. ಬೂಸ್ಟರ್ ಬೂಸ್ಟರ್ರೇ. ಅದು 12 ವೋಲ್ಟ್ ತಿಂದು ಸಿಗ್ನಲ್ಲಿನ ಜೊತೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಬರದೇ ಇರುವ ಸಿಗ್ನಲ್ಲನ್ನು ತರಲ್ಲ. ಈ ಸಾಲನ್ನು ಮಾತ್ರ ದಪ್ಪ ಅಕ್ಷರದಲ್ಲಿ ಹಾಕಿ, ಜನ ಮೋಸ ಹೋಗೋದು ಇಲ್ಲೇ.

ಒಂದು ಮಾತು ಕೇಳಲೇಬೇಕು. ಈ ಕೈಪಿಡಿ ಕಾರವಾರದಲ್ಲಿ ಯಾರಿಗೆ? ದೂರದರ್ಶನದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಬಹುತೇಕ ಮುಚ್ಚಿವೆ. ಇಲ್ಲಿ ಗಾಡಿಯವರಿಗೆ ಬೇಕಾಗೋದು ಡಿಶ್. ದೂರದರ್ಶನದ ಉಚಿತ ಡಿಶ್ ಸೇವೆಯಾದ ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್ 15 ಇರೋದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಕಾರವಾರದಿಂದ ನೋಡಿದರೆ ಆಗ್ನೇಯಕ್ಕೆ, ಹೆಚ್ಚುಕಡಿಮೆ 60 ಡಿಗ್ರಿ ಎತ್ತರದಲ್ಲಿ. ಅಷ್ಟು ಮೇಲೆ ನೋಡುವಾಗ ಘಟ್ಟ ಅಡ್ಡ ಬರಲ್ಲ. ಅಡ್ಡ ಬರೋದು ತಲೆ ಮೇಲಿನ ಮರ. ನಮ್ಮ ಕಡೆ ಅಡಿಕೆ ತೋಟದೊಳಗೆ ಗಾಡಿ ನಿಲ್ಲಿಸಿ ಟಿವಿ ಬರಲ್ಲ ಅಂತ ಗೊಣಗುವವರು ಒಮ್ಮೆ ತಲೆ ಎತ್ತಿ ನೋಡಿದರೆ ಸಾಕು. ಕೈಪಿಡಿಗೆ ಈ ಪುಟ ಸೇರಿಸಿ.

ಬೆಂಗಳೂರಿನಿಂದ:

ತಾಂತ್ರಿಕ ಪಾಠಕ್ಕೆ ಥ್ಯಾಂಕ್ಸ್. ಪದ ಕಟ್ಟೋದು ಬಿಟ್ಟು ಸಾಲು ಸಾಲು ವಿವರಣೆ ಬರೆದರೆ ಭಾಷೆ ಬೆಳೆಯಲ್ಲ. ಮೋಟರ್‌ಹೋಮ್ ಅನ್ನೂ ಹಾಗೇ ಬಿಟ್ಟಿದ್ದೀರಿ. 'ಮನೆಬಂಡಿ' ಅನ್ನೋಕೆ ಏನು ಕಷ್ಟ?

ಕುಮಟಾದಿಂದ:

ಮನೆಬಂಡಿ ಒಪ್ಪಿದೆ. ಈ ಇಡೀ ಚರ್ಚೆಯಲ್ಲಿ ಒಳ್ಳೆಯದು ಇದೊಂದೇ. ಆದರೆ ಜನ ಆಗಲೇ 'ಕ್ಯಾರವಾನ್' ಅಂತಿದ್ದಾರೆ, ಅದು ಪಾರ್ಸಿಯ ಪದ. ಇಂಗ್ಲಿಷಿನ ವ್ಯಾನ್ ಕೂಡ ಅದರದೇ ಬಾಲ. ಇಂಗ್ಲಿಷರು ಕಡ ತಂದು, ತಲೆ ಕತ್ತರಿಸಿ ಇಟ್ಟುಕೊಂಡರು. ಅವರ ಭಾಷೆ ಏನೂ ಕೆಡಲಿಲ್ಲ.

ಧಾರವಾಡದಿಂದ:

ಇಂಗ್ಲಿಷಿನವರ ಉದಾಹರಣೆ ಇಲ್ಲಿ ಬೇಡ. ಆಕಾಶತಂತು ಏಕೆ ಆಗದು ಎಂದು ಯಾರೂ ಹೇಳಿಲ್ಲ.

ಶಿರಸಿಯಿಂದ:

ಅದರಲ್ಲಿ ತಂತಿ ಇಲ್ಲ, ಇರೋದು ಕಡ್ಡಿ. ಆಕಾಶಕ್ಕೂ ಹೋಗಲ್ಲ, ಗಾಡಿ ಮೇಲೆ ಇರುತ್ತದೆ.

ಕಾರವಾರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಕೈಪಿಡಿಯಲ್ಲಿ ಆಂಟೆನಾ, ಹಿಡಿತ, ಕಡ್ಡಿ ಅಡ್ಡ, ಕಡ್ಡಿ ನೆಟ್ಟಗೆ ಅಂತ ಹಾಕುತ್ತೇನೆ. ಮನೆಬಂಡಿ ಅವರಿಗೆ ಹಿಡಿಸಿತು, ಬಳಸುತ್ತಾರಂತೆ. ಬೋರ್ಡಿಗೆ 'ಆಂಟೆನಾ ಇಳಿಸಿ' ಅಂದರೆ ಬಿಚ್ಚಿ ಕೆಳಗಿಡಬೇಕೇನೋ ಅಂದುಕೊಳ್ಳುತ್ತಾರೆ ಅಂತ ಅವರ ಮಗಳು ಹೇಳಿದಳು. 'ಆಂಟೆನಾ ಮಡಚಿ ಹೊರಡಿ' ಅಂತ ಬರೆಸುತ್ತಿದ್ದೇನೆ.

ಹೊನ್ನಾವರದಿಂದ:

ಹಾಯಿಯನ್ನೂ ಮಡಚುತ್ತಾರೆ. ಕೂವೆಯ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ.