ಅಪ್‌ಡೇಟ್: ಅಮ್ಮನ ಜೊತೆ ಕಬಿನಿಗೆ ಹೋಗಿ ಬಂದೆವು

ಗೋಣಿಕೊಪ್ಪದಿಂದ ವೀಕೆಂಡಿಗೆ ಕಬಿನಿಗೆ ಹೋಗಬೇಕು, ಅಮ್ಮನಿಗೆ ಸೊಂಟ ನೋವು, ಯಾವ ದಾರಿ, ಯಾವ ಸಫಾರಿ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು. ಹುಣಸೂರು, ಎಚ್.ಡಿ. ಕೋಟೆ, ಅಂತರಸಂತೆ ದಾರಿಯನ್ನೇ ಹಿಡಿದೆವು. ಜೀಪಿನ ಕುಲುಕಾಟ ಬೇಡ, ಬೋಟ್ ತಗೊಳ್ಳಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಲಾಡ್ಜ್ ಹೊಳೆ ದಡದಲ್ಲೇ ಇತ್ತು. ಬೇಸಿಗೆಯಲ್ವಾ, ಹಿನ್ನೀರು ಇಳಿದ ಜಾಗದಲ್ಲೆಲ್ಲಾ ಹಸಿರು ಹುಲ್ಲು, ಅದನ್ನು ಮೇಯೋಕೆ ಬಂದ ಆನೆಗಳು. ಒಂದು ಹೆಣ್ಣಾನೆ ಸೊಂಡಿಲಲ್ಲಿ ಹುಲ್ಲು ಕಿತ್ತು, ಬೇರಿನ ಮಣ್ಣು ಉದುರಲಿ ಅಂತ ಮುಂಗಾಲಿಗೆ ಬಡಿದು ಬಡಿದು, ಆಮೇಲೆ ಬಾಯಿಗೆ ಹಾಕುತ್ತಿತ್ತು. ಕಾಫಿ ತೋಟಕ್ಕೆ ಆನೆ ಬಂತು ಅಂದರೆ ನಡುಗುವ ಅಮ್ಮ ಕಣ್ಣು ಮಿಟುಕಿಸದೆ ನೋಡುತ್ತಾ ಕೂತಿದ್ದರು. ಹುಲಿ ಕಾಣಲಿಲ್ಲ, ಬೇಜಾರೂ ಆಗಲಿಲ್ಲ. ಹೋಗುವವರು ಹಿರಿಯರಿಗೆ ಒಂದು ಟೋಪಿ ಇಟ್ಟುಕೊಳ್ಳಿ, ನೀರಿನ ಮೇಲೆ ಬಿಸಿಲು ಜಾಸ್ತಿ.