ಮೂರು ತಿಂಗಳು ಬೇಸ್‌ಮೆಂಟಲ್ಲೇ ನಿಲ್ಲೋ ಕಾರು: ಬ್ಯಾಟರಿ ಕಳಚಿಡೋದಾ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸೋದಾ?

ಹೆಬ್ಬಾಳ ಪಾರ್ಕಿಂಗ್:
ನಮಸ್ಕಾರ. 2021ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. 12 ವೋಲ್ಟ್, 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯೋ ಚಾರ್ಜಿನ ಅಳತೆ) ಬ್ಯಾಟರಿ ಹಾಕಿ ಒಂದೂವರೆ ವರ್ಷ ಆಯ್ತು. ಜೂನ್‌ನಿಂದ ಮೂರು ತಿಂಗಳು ನಾವು ಊರಲ್ಲಿರಲ್ಲ. ಗಾಡಿ ಅಪಾರ್ಟ್‌ಮೆಂಟಿನ ಎರಡನೇ ಬೇಸ್‌ಮೆಂಟಲ್ಲಿ ನಿಲ್ಲುತ್ತೆ, ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಡ್ಯಾಶ್‌ಕ್ಯಾಮನ್ನ ಫ್ಯೂಸ್ ಬಾಕ್ಸಿಗೆ ನೇರ ವೈರಿಂಗ್ ಮಾಡಿಸಿದ್ದೇನೆ, ಗಾಡಿ ನಿಂತಾಗಲೂ ರೆಕಾರ್ಡ್ ಮಾಡೋ ಪಾರ್ಕಿಂಗ್ ಮೋಡ್ ಆನ್ ಇದೆ. ಸೆಕ್ಯೂರಿಟಿಯವರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿದ್ರೆ ಸಾಕಾ?

ಆಟೋ ಎಲೆಕ್ಟ್ರಿಕಲ್ ತುಮಕೂರು:
ಸರ್, ದಯವಿಟ್ಟು ಆ ಹತ್ತು ನಿಮಿಷದ ಸ್ಟಾರ್ಟ್ ಬೇಡ. ಸೆಲ್ಫ್ ಹೊಡೆಯೋಕೆ ಹೋಗೋ ಕರೆಂಟ್ ದೊಡ್ಡದಲ್ಲ: 150 ಆಂಪ್ ಎರಡು ಸೆಕೆಂಡ್ ಅಂದ್ರೆ 0.1 ಎಎಚ್ ಕೂಡ ಆಗಲ್ಲ. ತೊಂದರೆ ಬೇರೆ ಇದೆ. ಐಡಲ್‌ನಲ್ಲಿ ಬ್ಯಾಟರಿಗೆ 10 ಆಂಪ್ ಹೋಯ್ತು ಅಂತಲೇ ಇಟ್ಕೊಳ್ಳಿ, ಹತ್ತು ನಿಮಿಷಕ್ಕೆ ಸೇರೋದು 1.7 ಎಎಚ್. ವಾರವಿಡೀ ನಿಂತಲ್ಲೇ ಸೋರಿದ್ದು ಅದರ ಎರಡು, ಮೂರು ಪಟ್ಟು ಇರುತ್ತೆ. ಜೊತೆಗೆ ಎಂಜಿನ್ ಪೂರ್ತಿ ಬಿಸಿ ಆಗೋ ಮೊದಲೇ ಆಫ್ ಮಾಡಿದ್ರೆ ನೀರಿನಂಶ ಸೈಲೆನ್ಸರ್‌ನಲ್ಲಿ ಉಳಿಯುತ್ತೆ, ಪೆಟ್ರೋಲ್ ಆಯಿಲ್‌ಗೆ ಇಳಿಯುತ್ತೆ. ಮುಚ್ಚಿದ ಬೇಸ್‌ಮೆಂಟಲ್ಲಿ ಹೊಗೆಯೂ ಅಪಾಯ.

ಮೊದಲು ಎರಡು ಅಳತೆ ತಗೊಳ್ಳಿ. ಒಂದು, ಗಾಡಿ ನಿಲ್ಲಿಸಿ ರಾತ್ರಿ ಕಳೆದ ಮೇಲೆ, ಬಾಗಿಲು ತೆಗೆಯೋ ಮೊದಲಿನ ಸ್ಥಿತಿಗೆ ಆದಷ್ಟು ಹತ್ತಿರದ ವೋಲ್ಟೇಜ್. ಈಗಷ್ಟೇ ಓಡಿಸಿ ಬಂದು ನೋಡಿದ್ರೆ 12.9, 13 ಅಂತ ತೋರಿಸುತ್ತೆ, ಅದನ್ನ ನಂಬಬೇಡಿ. ಎಂಟು ಗಂಟೆ ಬಿಟ್ಟು 12.6ರಿಂದ 12.7 ಬಂದ್ರೆ ಫುಲ್. 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12.0 ಅಂದ್ರೆ ಕಾಲು ಭಾಗ.

ಎರಡು, ಗಾಡಿ ಮಲಗಿದ್ದಾಗ ಎಳೆಯೋ ಕರೆಂಟ್. ಮಲ್ಟಿಮೀಟರಿನ ಕೆಂಪು ವೈರ್ 10 ಆಂಪ್ ತೂತಿಗೆ ಹಾಕಿ. ಬಾನೆಟ್ ಎತ್ತಿಟ್ಟು, ಅದರ ಲಾಕನ್ನ ಸ್ಕ್ರೂಡ್ರೈವರಲ್ಲಿ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ, ಗಾಡಿ ಲಾಕ್ ಮಾಡಿ, ಕೀ ದೂರ ಇಡಿ. ನೆಗೆಟಿವ್ ಕ್ಲ್ಯಾಂಪ್ ಬಿಚ್ಚೋ ಮೊದಲೇ ಮೀಟರಿನ ಒಂದು ಕ್ಲಿಪ್ ಬ್ಯಾಟರಿ ಪೋಸ್ಟಿಗೂ ಇನ್ನೊಂದು ಕ್ಲ್ಯಾಂಪಿಗೂ ಕಚ್ಚಿಸಿ, ಆಮೇಲೆ ಕ್ಲ್ಯಾಂಪ್ ಎತ್ತಿ. ಹೀಗೆ ಮಾಡಿದ್ರೆ ಕರೆಂಟ್ ಮಧ್ಯೆ ಕಡಿಯಲ್ಲ, ಕಂಪ್ಯೂಟರ್‌ಗಳು ಮತ್ತೆ ಎದ್ದು ಕೂರಲ್ಲ. ಮೀಟರ್ ಸರಣಿಯಲ್ಲಿದ್ದಾಗ ಸೆಲ್ಫ್ ಹೊಡೀಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. 40 ನಿಮಿಷ ಕಾದು ರೀಡಿಂಗ್ ಬರ್ಕೊಳ್ಳಿ. 20ರಿಂದ 50 ಮಿಲಿಆಂಪ್ ಮಾಮೂಲು.

ಹೆಬ್ಬಾಳ ಪಾರ್ಕಿಂಗ್:
ಅಳೆದೆ ಸರ್. ಬೆಳಿಗ್ಗೆ 12.38 ವೋಲ್ಟ್. ಕರೆಂಟ್ ಶುರುವಿನಲ್ಲಿ 140 ಮಿಲಿಆಂಪ್ ಇತ್ತು, 40 ನಿಮಿಷ ಆದ್ಮೇಲೆ 62ಕ್ಕೆ ಬಂದು ನಿಂತಿತು. ಡ್ಯಾಶ್‌ಕ್ಯಾಮ್ ಫ್ಯೂಸ್ ಕಿತ್ತ ಮೇಲೆ 22.

ಆಟೋ ಎಲೆಕ್ಟ್ರಿಕಲ್ ತುಮಕೂರು:
ಹಾಗಾದ್ರೆ ಲೆಕ್ಕ ನೋಡಿ. 62 ಮಿಲಿಆಂಪ್ ಅಂದ್ರೆ ದಿನಕ್ಕೆ ಹತ್ತಿರ ಹತ್ತಿರ 1.5 ಎಎಚ್. ನಿಮ್ಮ ಬ್ಯಾಟರಿಯಲ್ಲಿ ಈಗ ಇರೋದು ಸುಮಾರು 26 ಎಎಚ್. ಆರನೇ ದಿನಕ್ಕೆ ಅರ್ಧಕ್ಕಿಳಿಯುತ್ತೆ, ಎರಡು ವಾರದೊಳಗೆ ಸೆಲ್ಫ್ ಟಕ್ ಟಕ್ ಅನ್ನುತ್ತೆ. ಡ್ಯಾಶ್‌ಕ್ಯಾಮ್ ತೆಗೆದ್ರೂ 22 ಮಿಲಿಆಂಪ್‌ಗೆ ದಿನಕ್ಕೆ 0.53, ತೊಂಬತ್ತು ದಿನಕ್ಕೆ 47 ಎಎಚ್ ಬೇಕು. ಫುಲ್ ಚಾರ್ಜ್ ಮಾಡಿ ಬಿಟ್ರೂ 35 ಎಎಚ್ ಬ್ಯಾಟರಿ ಸಾಲಲ್ಲ. ಹಾಗಾಗಿ ನಿಮ್ಮ ಗಾಡಿಗೆ ನೆಗೆಟಿವ್ ಕಳಚಿಡೋದೇ ಸರಿ. ಕಳಚಿಟ್ಟ ಒಳ್ಳೆ ಬ್ಯಾಟರಿ ತಾನಾಗೇ ಕಳ್ಕೊಳ್ಳೋದು ತಿಂಗಳಿಗೆ ಶೇ. 3ರಿಂದ 5. ಬೇಸ್‌ಮೆಂಟ್ ತಂಪಾಗಿರೋದು ಅನುಕೂಲ, ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಇದು ಹೆಚ್ಚು.

ಆದ್ರೆ 12.38ರಲ್ಲಿ ಕಳಚಿಡಬೇಡಿ. ಅರೆಬರೆ ಚಾರ್ಜಲ್ಲಿ ತಿಂಗಳುಗಟ್ಟಲೆ ಕೂತ್ರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಹರಳಾಗುತ್ತೆ, ಆಮೇಲೆ ಎಷ್ಟು ಚಾರ್ಜ್ ಕೊಟ್ರೂ ಪೂರ್ತಿ ಕರಗಲ್ಲ. ಹೊರಡೋ ಹಿಂದಿನ ದಿನ ಬ್ಯಾಟರಿ ಬಿಚ್ಚಿ ಮೇಲೆ ತಗೊಂಡು ಹೋಗಿ, ಗಾಳಿ ಆಡೋ ಬಾಲ್ಕನಿಯಲ್ಲಿ 4 ಆಂಪ್‌ನ ಸ್ಮಾರ್ಟ್ ಚಾರ್ಜರಿಗೆ ರಾತ್ರಿಯಿಡೀ ಹಾಕಿ. ಬೇಕಾಗೋದು 9 ಎಎಚ್ ಅಷ್ಟೇ, ಆದ್ರೆ ಕೊನೆಯ ಶೇ. 20 ನಿಧಾನಕ್ಕೆ ತುಂಬುತ್ತೆ, ಎರಡೂವರೆ ಗಂಟೆಗೆ ತೆಗೀಬೇಡಿ. ಮುಚ್ಚಳ ಇರೋ ಬ್ಯಾಟರಿ ಆದ್ರೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ; ನಲ್ಲಿ ನೀರು, ಆರ್‌ಓ ನೀರು ಎರಡೂ ಬೇಡ.

ಬಿಚ್ಚುವಾಗ 10 ಎಂಎಂ ಸ್ಪ್ಯಾನರ್, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಮೊದಲು ಪಾಸಿಟಿವ್, ಕೊನೆಗೆ ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚೋಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ನೇರ ಶಾರ್ಟ್. ಪೋಸ್ಟಿನ ಮೇಲೆ ಬಿಳಿ ಪುಡಿ ಇದ್ರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಬ್ಯಾಟರಿ ಮತ್ತೆ ಕೂರಿಸಿ ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಕುಂದಾಪುರ ರೋಡ್:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಬ್ಯಾಟರಿ ಕಳಚಿದ ಮೇಲೆ ರಿಮೋಟ್ ಕೆಲಸ ಮಾಡುದಿಲ್ಲ, ಬಾನೆಟ್ ತೆಗೆಯುವ ಲಿವರ್ ಇರುವುದು ಒಳಗೆ. ಡ್ರೈವರ್ ಬಾಗಿಲ ಕೀ ಹೋಲ್ ವರ್ಷಗಟ್ಟಲೆ ತಿರುಗಿಸದೆ ಬಿಗಿ ಆಗಿರ್ತದೆ. ಹೊರಡುವ ಮೊದಲೇ ಲೋಹದ ಕೀ ಹಾಕಿ ತೆಗೆದು ನೋಡಿ. ಡಿಕ್ಕಿ ಕರೆಂಟಿನಲ್ಲಿ ತೆರೆಯುವುದಾದರೆ ಒಳಗಿನ ಸಾಮಾನು ಮೊದಲೇ ತೆಗೆದಿಡಿ. ಮ್ಯೂಸಿಕ್ ಸಿಸ್ಟಮ್‌ಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ. ಹ್ಯಾಂಡ್‌ಬ್ರೇಕ್ ಬಿಟ್ಟು, ಮೊದಲ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.

ಸ್ಟಾರ್ಟ್‌ಸ್ಟಾಪ್ ಗಾಡಿ:
ಸಿಗ್ನಲ್‌ನಲ್ಲಿ ತಾನಾಗೇ ಆಫ್ ಆಗೋ ಗಾಡಿ ಇರೋರು ಗಮನಿಸಿ. ನೆಗೆಟಿವ್ ಪೋಸ್ಟಿನ ಮೇಲೆ ಸಣ್ಣ ಕಪ್ಪು ಡಬ್ಬಿ ಥರದ ಸೆನ್ಸರ್ ಇರುತ್ತೆ, ಬ್ಯಾಟರಿಗೆ ಹೋಗಿ ಬರೋ ಕರೆಂಟ್ ಅದು ಎಣಿಸುತ್ತೆ. ಬ್ಯಾಟರಿ ಗಾಡಿಯಲ್ಲೇ ಇಟ್ಟು ಚಾರ್ಜ್ ಮಾಡೋದಾದ್ರೆ ಚಾರ್ಜರಿನ ಕಪ್ಪು ಕ್ಲಿಪ್ ಪೋಸ್ಟಿಗೆ ಹಾಕಬೇಡಿ, ಬಾಡಿಯ ಅರ್ಥ್ ಬೋಲ್ಟಿಗೆ ಹಾಕಿ. ಇಲ್ಲದಿದ್ರೆ ತುಂಬಿದ್ದು ಸೆನ್ಸರಿಗೆ ಗೊತ್ತಾಗಲ್ಲ. ಇಂಥ ಗಾಡಿಗಳಲ್ಲಿ ಹೆಚ್ಚಾಗಿ ಬರೋ ಎಜಿಎಂ ಅನ್ನೋ ಸೀಲ್ಡ್ ಬ್ಯಾಟರಿಗೆ ಚಾರ್ಜರಲ್ಲಿ ಎಜಿಎಂ ಮೋಡ್ ಒತ್ತಿ.

ಪ್ಲಗ್ ಪಾಯಿಂಟ್ ಇದ್ದೋರಿಗೆ ಕಳಚೋ ಕೆಲಸವೇ ಇಲ್ಲ. ಮೇಂಟೇನರ್ (ಸದಾ ಹಾಕಿಡೋ ಸ್ಮಾರ್ಟ್ ಚಾರ್ಜರ್) 14.4 ವೋಲ್ಟಿಗೆ ತುಂಬಿಸಿ, ಆಮೇಲೆ 13.6ರ ಆಸುಪಾಸಲ್ಲಿ ಹಿಡಿದಿಡುತ್ತೆ, ತಿಂಗಳುಗಟ್ಟಲೆ ಹಾಕಿಟ್ರೂ ಕುದಿಯಲ್ಲ. ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರನ್ನ ಮಾತ್ರ ಹಾಗೆ ಬಿಡಬೇಡಿ, ಅದಕ್ಕೆ ನಿಲ್ಲಿಸೋದು ಗೊತ್ತಿಲ್ಲ.

ಮಂಡ್ಯ ಇವಿ:
ಎಲೆಕ್ಟ್ರಿಕ್ ಕಾರಿಗೂ ಇದೇ ಪಾಡು. ದೊಡ್ಡ ಬ್ಯಾಟರಿಯಲ್ಲಿ ಶೇ. 60 ಇದ್ರೂ ಚಿಕ್ಕ 12 ವೋಲ್ಟ್ ಸತ್ತರೆ ದೊಡ್ಡ ಬ್ಯಾಟರಿಯನ್ನ ಗಾಡಿಗೆ ಜೋಡಿಸೋ ಸ್ವಿಚ್, ಅಂದ್ರೆ ಕಾಂಟ್ಯಾಕ್ಟರ್, ಕೂರಲ್ಲ, ಗಾಡಿ ಆನ್ ಆಗಲ್ಲ. ಕೆಲವು ಮಾಡೆಲ್ ನಿಂತಲ್ಲೇ ದೊಡ್ಡದರಿಂದ ಚಿಕ್ಕದಕ್ಕೆ ತುಂಬಿಸಿಕೊಳ್ಳುತ್ತವೆ, ಕೆಲವು ಇಲ್ಲ; ಮ್ಯಾನುಯಲ್ ನೋಡಿ. ಶೇ. 50-60ರಲ್ಲಿ ನಿಲ್ಲಿಸಿ, 100 ತುಂಬಿಸಿ ಬಿಡಬೇಡಿ. ಮೊಬೈಲ್ ಆ್ಯಪ್‌ನಲ್ಲಿ ಪದೇ ಪದೇ ಚಾರ್ಜ್ ನೋಡೋದೂ ಗಾಡಿಯನ್ನ ಎಬ್ಬಿಸುತ್ತೆ.

ಹೆಬ್ಬಾಳ ಪಾರ್ಕಿಂಗ್:
ಎಲ್ಲರಿಗೂ ಧನ್ಯವಾದ. ಚಾರ್ಜರ್ ತರಿಸ್ತಿದ್ದೀನಿ. ಅದರಲ್ಲೇ ಸ್ಕೂಟರ್ ಬ್ಯಾಟರಿನೂ ತುಂಬಿಸಬಹುದಾ?

ಆಟೋ ಎಲೆಕ್ಟ್ರಿಕಲ್ ತುಮಕೂರು:
ಬೈಕ್ ಮೋಡ್ ಇದ್ರೆ ಮಾತ್ರ. ಸ್ಕೂಟರಿನದು 4 ಅಥವಾ 5 ಎಎಚ್, ಅರ್ಧ ಆಂಪ್ ಸಾಕು, 1 ಆಂಪ್ ದಾಟಬಾರದು. 4 ಆಂಪ್ ಕೊಟ್ರೆ ಬಿಸಿಯಾಗಿ ಉಬ್ಬುತ್ತೆ. ಬ್ಯಾಟರಿ ಮೈಮೇಲೆ ಎಷ್ಟು ಆಂಪ್, ಎಷ್ಟು ಗಂಟೆ ಅಂತ ಅಚ್ಚಾಗಿರುತ್ತೆ, ಅದನ್ನೇ ಹಿಡೀರಿ. ಇನ್ನೊಂದು, ವಾಪಸ್ ಬಂದ ದಿನ ಕಾರಿನ ಬ್ಯಾಟರಿ ಜೋಡಿಸೋ ಮೊದಲು ಮೀಟರ್ ಇಡಿ. 12.5 ಇದ್ರೆ ಹಾಗೇ ಹಾಕಿ. 12.4ಕ್ಕಿಂತ ಕೆಳಗಿದ್ರೆ ಮತ್ತೆ ಮೇಲೆ ತಗೊಂಡು ಹೋಗಿ ಒಂದು ರಾತ್ರಿ ಚಾರ್ಜಿಗೆ ಹಾಕಿ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸೋ ಆಲ್ಟರ್ನೇಟರ್ ಮೇಲೆ ಹೊರೆ ಹಾಕಬೇಡಿ.