ಸಹಾಯ ಬೇಕು: ಭಾನುವಾರ ಬೋಧಕರೊಬ್ಬರು, ಅವರ ನಾಯಿ, ಮಾಜಾಳಿ ಕಡಲತೀರ

ನಮಸ್ಕಾರ. ಕಾರವಾರದ ನಮ್ಮ ಕ್ರೈಸ್ತ ಸಭೆಗೆ ಪ್ರಸಂಗಕ್ಕೆ ಬರುವ ಅತಿಥಿ ಬೋಧಕರು ಆರಾಧನೆ ಮುಗಿದ ಮೇಲೆ ಕಡಲು ನೋಡಬೇಕೆಂದಿದ್ದಾರೆ. ಜತೆಗೆ 28 ಕಿಲೋ ತೂಕದ ಲ್ಯಾಬ್ರಡಾರ್ ಇದೆ. ನಾಯಿ ಹತ್ತಿಸಲು ಒಪ್ಪುವ ಓಮ್ನಿ ಅಥವಾ ದೊಡ್ಡ ಕಾರು ಬೇಕು. ಸೀಟಿಗೆ ಹಾಸಲು ತಾಡಪಾಲು ನಾವೇ ತರುತ್ತೇವೆ. ಪ್ರಯಾಣಕ್ಕೆ ಮೂರು ಗಂಟೆ ಮೊದಲು ನಾಯಿಯ ಊಟ ನಿಲ್ಲಿಸಿರುತ್ತೇವೆ, ವಾಂತಿಯ ಭಯ ಕಡಿಮೆ.

ಹತ್ತಿರದ ತಿಲಮಾತಿ ಕಡಲತೀರವೂ ಚೆಂದವೇ, ಆದರೆ ಅಲ್ಲಿನ ಕಪ್ಪು ಮರಳು ಬೇಗ ಕಾಯುತ್ತದೆ, ಗುಡ್ಡ ಹತ್ತಿಳಿಯುವ ದಾರಿ ಬೇರೆ. ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ಮರಳಿನ ಮೇಲೆ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಹಾಗಾಗಿ ಮಾಜಾಳಿಯೇ ಸರಿ, ಅದೂ ನಾಲ್ಕರ ಮೇಲೆ. ಆ ಹೊತ್ತಿಗೆ ಇಳಿತವೋ ಭರತವೋ ಎಂದು ದೋಣಿಯವರು ಯಾರಾದರೂ ತಿಳಿಸಿ. ಭರತ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಕಳೆದ ವಾರದ ಲೆಕ್ಕ ನಡೆಯದು.

ಎಲ್ಲಕ್ಕಿಂತ ಮುಖ್ಯವಾಗಿ, ತೀರದ ಹತ್ತಿರ ಬಾವಿ ಇರುವ ಮನೆ ಬೇಕು. ಉಪ್ಪು, ಮರಳು ಬೆರಳ ಸಂದಿಯಲ್ಲೂ ಕಿವಿಯಲ್ಲೂ ಉಳಿದರೆ ತುರಿಕೆ ಹತ್ತಿ ಹುಣ್ಣಾಗುತ್ತದೆ. ನಾಯಿಯನ್ನು ತೊಳೆಯಲು ನಾಲ್ಕೈದು ಕೊಡ ಸಿಹಿನೀರು ಸಾಕು. ಬಾಯಾರಿದ ನಾಯಿ ಸಮುದ್ರದ ನೀರನ್ನೇ ಕುಡಿದು ಭೇದಿ ಮಾಡಿಕೊಳ್ಳುತ್ತದೆ, ಹೆಚ್ಚು ಕುಡಿದರೆ ತೂರಾಡಿ ಸೆಳವೂ ಬರಬಹುದು. ಅದಕ್ಕೆ ಮೂರು ಲೀಟರ್ ನೀರು, ಅಗಲ ಬಟ್ಟಲು ಒಯ್ಯುತ್ತೇವೆ.

ರಂಪಣಿ (ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ) ಎಳೆಯುವ ಜಾಗ ಯಾವುದೆಂದೂ ಹೇಳಿ. ಅಲ್ಲಿ ಬಿದ್ದ ಗಾಳ, ಊದುವ ವಿಷಮೀನು ನಾಯಿಯ ಬಾಯಿಗೆ ಹೋಗಬಾರದು. ಬೀದಿನಾಯಿಗಳಿರುವುದರಿಂದ ಹಗ್ಗ ಬಿಚ್ಚುವುದಿಲ್ಲ. ಭಾನುವಾರ ಸಂಜೆ ಫೋನಿಗೆ ಸಿಗುವ ಪಶುವೈದ್ಯರು ಗೊತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ. ಇಂಧನದ ಖರ್ಚು ಸಭೆಯದೇ.